ತುಕ್ಕು ಹಿಡಿಯೋ ಚಾಕೇ ನನಗಿಷ್ಟ

ಜೇಬಿನ ಮಡಚು ಚಾಕು ಸ್ಟೇನ್‌ಲೆಸ್ಸೇ ಆಗಬೇಕು ಅಂತಾರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಗೆಳೆಯರು. ನನ್ನ ಓಟು ಮಾಮೂಲಿ ಉಕ್ಕಿಗೇ.

ಸ್ಟೇನ್‌ಲೆಸ್‌ನಲ್ಲಿ ಕನಿಷ್ಠ ಶೇ. 10.5 ಕ್ರೋಮಿಯಂ ಇರುತ್ತೆ, ತುಕ್ಕು ತಡೆಯೋದು ಅದೇ. ಮಾಮೂಲಿ ಉಕ್ಕು ಬಾಳೆ ಸೊನೆಗೆ ಕಪ್ಪಾಗುತ್ತೆ, ನಿಜ. ಒರೆಸಿ ಒಂದು ತೊಟ್ಟು ಹರಳೆಣ್ಣೆ ಸವರಿದರೆ ಮುಗೀತು. ಆದರೆ ಸಾದಾ ಸಾಣೆಕಲ್ಲಿಗೂ ಬೇಗ ಮೊನೆ ಬರುತ್ತೆ. ಮೊಂಡು ಚಾಕನ್ನು ಒತ್ತಿ ಕುಯ್ಯುವಾಗಲೇ ಜಾರಿ ಕೈಗೆ ತಗಲೋದು. ಫ್ರಾನ್ಸಿನ ಒಪಿನೆಲ್ 1890ರಿಂದ ಮರದ ಹಿಡಿಯ ಮಡಚು ಚಾಕು ಮಾಡುತ್ತಿದೆ. ಮಾಮೂಲಿ ಉಕ್ಕಿನದನ್ನು ಇಂದಿಗೂ ಕೈಬಿಟ್ಟಿಲ್ಲ.

ನಮ್ಮ ಕುಲುಮೆಯವರು ಹಳೇ ಲಾರಿ ಪಟ್ಟಾದಲ್ಲೇ ಇಂಥ ಅಲಗು ಬಡಿದು ಕೊಡಬಲ್ಲರು. ಸಂತೆಯಲ್ಲಿ ಬರೀ ಹೊಳಪು ನೋಡಿ ಕೊಳ್ಳಬೇಡಿ. ಕೆಲಸವಿಲ್ಲದೆ ಕುಲುಮೆ ಆರಿದರೆ, ನಾಳೆ ಕುಡುಗೋಲು ಹದ ಮಾಡಿಸೋದಕ್ಕೂ ಪೇಟೆಗೆ ಓಡಬೇಕಾದೀತು.