ತೆಗೆದು ನೋಡೋದನ್ನೂ ಕಲಿಯೋಣ

ಪ್ರಾಜೆಕ್ಟ್ ರಿವ್ಯೂ ಬಂತು ಅಂದ್ರೆ ನಮಗೆಲ್ಲ ಒಂದೇ ಚಿಂತೆ: ಇನ್ನೂ ಏನು ಸೇರಿಸೋದು? ಎರಡು ಸೆನ್ಸರ್ ಇದ್ದರೆ ನಾಲ್ಕು ಮಾಡ್ತೀವಿ, ಅದಕ್ಕೊಂದು ಆ್ಯಪ್, ಮೇಲೊಂದಿಷ್ಟು ಮಷೀನ್ ಲರ್ನಿಂಗ್. ಮಾಡೆಲ್ ಓಡುತ್ತೆ, ಸರಿ. ಆದರೆ ಯಾವ ಭಾಗದಿಂದ ಓಡ್ತಿದೆ ಅಂತ ಕೇಳಿದರೆ ಉತ್ತರ ಇರಲ್ಲ. "ಏನೇನು ತೆಗೆದರೂ ಇದು ನಡೆಯುತ್ತೆ?" ಅನ್ನೋ ಪ್ರಶ್ನೆಯನ್ನೂ ನಾವು ಕೇಳಿಕೊಳ್ಳಬೇಕು ಅನ್ನೋದು ನನ್ನ ವಾದ. ಅದಕ್ಕೆ ಒಳ್ಳೆಯ ಉದಾಹರಣೆ ಸಿಗೋದು ಬಯೋಕೆಮಿಸ್ಟ್ರಿಯಲ್ಲಿ.

ಜೀವಕೋಶ ತನ್ನ ಕೆಲಸಗಳಿಗೆ ಖರ್ಚು ಮಾಡೋದು ಎಟಿಪಿ. ಅದರ ಬಹುಪಾಲನ್ನು ತಯಾರಿಸೋದು ಮೈಟೊಕಾಂಡ್ರಿಯದ ಒಳಪೊರೆಯಲ್ಲಿರುವ ಎಟಿಪಿ ಸಿಂಥೇಸ್ ಅನ್ನೋ ಪ್ರೋಟೀನ್. ಅದಕ್ಕೆ ಶಕ್ತಿ ಎಲ್ಲಿಂದ ಬರುತ್ತೆ? 1961ರಲ್ಲಿ ಪೀಟರ್ ಮಿಚೆಲ್ ಒಂದು ಉತ್ತರ ಕೊಟ್ಟರು: ಪೊರೆಯ ಒಂದು ಬದಿಗೆ ಪ್ರೋಟಾನ್‌ಗಳು ಪಂಪ್ ಆಗಿ ಸೇರುತ್ತವೆ, ಅವು ವಾಪಸ್ ಹರಿಯುವಾಗ ಎಟಿಪಿ ಆಗುತ್ತೆ. ಅಣೆಕಟ್ಟಿನ ನೀರು ಟರ್ಬೈನ್ ತಿರುಗಿಸಿದ ಹಾಗೆ. ಹಲವರು ಒಪ್ಪಲಿಲ್ಲ. ನಡುವೆ ಯಾವುದೋ ಒಂದು ರಾಸಾಯನಿಕ ವಸ್ತು ಶಕ್ತಿಯನ್ನು ದಾಟಿಸುತ್ತಿರಬೇಕು ಅಂತ ಹುಡುಕುತ್ತಲೇ ಇದ್ದರು. ನೂರಾರು ಪ್ರೋಟೀನ್‌ಗಳಿರುವ ಮೈಟೊಕಾಂಡ್ರಿಯದೊಳಗೆ ಈ ಜಗಳ ಬಗೆಹರಿಸೋದು ಸುಲಭವಿರಲಿಲ್ಲ.

1974ರಲ್ಲಿ ಎಫ್ರೈಮ್ ರ‍್ಯಾಕರ್ ಮತ್ತು ವಾಲ್ಟರ್ ಸ್ಟೋಕೇನಿಯಸ್ ಮೈಟೊಕಾಂಡ್ರಿಯವನ್ನೇ ಪಕ್ಕಕ್ಕಿಟ್ಟರು. ಸೋಯಾಬೀನ್‌ನ ಲಿಪಿಡ್‌ನಿಂದ ಕಣ್ಣಿಗೆ ಕಾಣದಷ್ಟು ಪುಟ್ಟ ಗುಳ್ಳೆಗಳನ್ನು ಮಾಡಿ, ಆ ಗುಳ್ಳೆಯ ಪೊರೆಯಲ್ಲಿ ಎರಡೇ ಯಂತ್ರ ಕೂರಿಸಿದರು. ಒಂದು, ಉಪ್ಪುನೀರಿನ ಸೂಕ್ಷ್ಮಜೀವಿಯಿಂದ ತಂದ ಬ್ಯಾಕ್ಟೀರಿಯೊರೊಡಾಪ್ಸಿನ್. ಬೆಳಕು ಬಿದ್ದರೆ ಪ್ರೋಟಾನ್ ಪಂಪ್ ಮಾಡೋದಷ್ಟೇ ಇದರ ಕೆಲಸ. ಇನ್ನೊಂದು, ದನದ ಹೃದಯದಿಂದ ತೆಗೆದ ಎಟಿಪಿ ಸಿಂಥೇಸ್. ಬೆಳಕು ಹಾಕಿದರೆ ಎಟಿಪಿ ಬಂತು. ಪೊರೆಯಲ್ಲಿ ಪ್ರೋಟಾನ್ ಸೋರುವಂತೆ ಮಾಡುವ ರಾಸಾಯನಿಕ ಹಾಕಿದರೆ ಎಟಿಪಿ ತಯಾರಿ ಕುಸಿಯಿತು. ಒಂದಕ್ಕೊಂದು ಸಂಬಂಧವೇ ಇಲ್ಲದ ಜೀವಿಗಳಿಂದ ಬಂದ ಈ ಎರಡರ ನಡುವೆ ಗುಟ್ಟಾದ ಮಧ್ಯವರ್ತಿ ಇದೆ ಅಂತ ವಾದಿಸೋದು ಕಷ್ಟವಾಯಿತು. ಉಳಿದ ಕೊಂಡಿ ಪ್ರೋಟಾನ್ ಮಾತ್ರ. 1978ರಲ್ಲಿ ಮಿಚೆಲ್‌ಗೆ ನೊಬೆಲ್ ಬಂತು.

"ಗುಳ್ಳೆ ಏನು ಜೀವಕೋಶವಾ?" ಅಂತ ಕೇಳಬಹುದು. ಅಲ್ಲ. ಇಲ್ಲಿ ಬ್ಯಾಕ್ಟೀರಿಯೊರೊಡಾಪ್ಸಿನ್ ತಿರುಗುಮುರುಗಾಗಿ ಕೂತಿತ್ತು: ಜೀವಿಯಲ್ಲಿ ಪ್ರೋಟಾನನ್ನು ಹೊರಗೆ ತಳ್ಳುವುದು ಗುಳ್ಳೆಯಲ್ಲಿ ಒಳಗೆ ಎಳೆದುಕೊಳ್ಳುತ್ತಿತ್ತು. ಜೀವಕೋಶದಲ್ಲಿ ಏನೇನು ನಡೆಯುತ್ತೆ ಅನ್ನೋದನ್ನೆಲ್ಲ ಗುಳ್ಳೆ ಹೇಳಲ್ಲ. ಆದರೆ ಎಟಿಪಿ ಆಗೋಕೆ ಏನಿದ್ದರೆ ಸಾಕು ಅಂತ ಹೇಳುತ್ತೆ. ಅವತ್ತಿನ ಜಗಳಕ್ಕೆ ಬೇಕಾಗಿದ್ದೂ ಅದೇ ಉತ್ತರ.

ಸರ್ಕ್ಯೂಟ್ ಕೈಕೊಟ್ಟಾಗ ಒಂದೊಂದೇ ಭಾಗ ಬಿಚ್ಚಿ ನೋಡೋದು ನಮಗೆ ಗೊತ್ತು. ಸರಿಯಾಗಿ ಓಡುವಾಗಲೂ ಹಾಗೆ ಮಾಡಬೇಕು. ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಒಂದು ಪುಟ ಇದಕ್ಕೇ ಇರಲಿ: ಏನು ತೆಗೆದೆವು, ಆಗ ಏನಾಯ್ತು. ಎರಡು ಸೆನ್ಸರ್ ತೆಗೆದರೂ ರೀಡಿಂಗ್ ಬದಲಾಗದಿದ್ದರೆ ಅದನ್ನೂ ಬರೆಯೋಣ. ಗೈಡ್‌ಗಳೂ ಆ ಪುಟಕ್ಕೆ ಮಾರ್ಕ್ಸ್ ಕೊಡಲಿ. ಮುಂದಿನ ವರ್ಷ ಅದೇ ಪ್ರಾಜೆಕ್ಟ್ ಎತ್ತಿಕೊಳ್ಳುವ ಜೂನಿಯರ್‌ಗೆ ನಮ್ಮ ಆ್ಯಪ್‌ಗಿಂತ ಆ ಒಂದು ಪುಟವೇ ಹೆಚ್ಚು ಉಪಯೋಗಕ್ಕೆ ಬರುತ್ತೆ.