ಹೊಲ ನೋಡಲಿಕ್ಕೂ ಫೀಜು ಕಟ್ಟಬೇಕೇನ್ರಿ?

ಪುಟ್ಟ ಮಕ್ಕಳನ್ನು ಅಪ್ಪ-ಅಮ್ಮನ ಸಮೇತ ಹೊಲಕ್ಕೆ ಕರೆದೊಯ್ದು ತೋರಿಸುವುದು ಈಗ ಪಟ್ಟಣದ ಕಾನ್ವೆಂಟುಗಳ ಹೊಸ ಪಾಠ. ಹೆಸರು ‘ಫಾರ್ಮ್ ವಿಸಿಟ್’. ಬೆಂಗಳೂರಿನವರು ಮಾಡಲಿ, ಅಲ್ಲಿ ಹೊಲ ಉಳಿದಿಲ್ಲ. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲಿ ಬಸ್‌ಸ್ಟ್ಯಾಂಡಿನಿಂದ ಅರ್ಧ ತಾಸು ನಡೆದರೆ ಹೊಲ. ಇಲ್ಲೂ ಫೀಜು ಕಟ್ಟಬೇಕೇನ್ರಿ?

ಪಾಠವೇನೋ ಒಳ್ಳೆಯದೇ. ಕಿಂಡರ್‌ಗಾರ್ಟನ್ ಎಂಬ ಜರ್ಮನ್ ಮಾತಿಗೆ ಮಕ್ಕಳ ತೋಟ ಎಂದೇ ಅರ್ಥ. 1840ರಲ್ಲಿ ಆ ಹೆಸರಿಟ್ಟವರು ಫ್ರೋಬೆಲ್ ಸಾಹೇಬರು. ನಮ್ಮಲ್ಲಿ ತೋಟ ಹೋಯಿತು, ಬೆಂಚು ಮತ್ತು ಎಬಿಸಿಡಿ ಉಳಿದವು.

ಆದರೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಎಳ್ಳ ಅಮಾಸಿಗೆ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ ಬುಟ್ಟಿಗೆ ತುಂಬಿ, ಬಂಡಿ ಹೂಡಿ, ಭೂತಾಯಿಗೆ ಚರಗ ಚೆಲ್ಲಿ, ಗಿಡದ ನೆರಳಿಗೆ ಕೂತು ಉಂಡು ಬರುವುದು ಮತ್ತೇನು? ಹೊಲ ಇಲ್ಲದವರನ್ನೂ ಕರೆದು ಉಣಿಸುವ ಹಬ್ಬ ಅದು. ರಸೀದಿ ಕೇಳುವವರಿಲ್ಲ.

ಪ್ರಶ್ನೆ ಇರೋದು ಯಾರ ಮಕ್ಕಳು ಹೋಗ್ತಾರೆ ಅನ್ನೋದರಲ್ಲಿ. ಕಾನ್ವೆಂಟ್ ಮಗು ಫೀಜು ಕೊಟ್ಟು ನೋಡುವ ಹೊಲದಲ್ಲಿ ಕಳೆ ತೆಗೆಯುವವಳ ಮಗು ಅಂಗನವಾಡಿಯಲ್ಲಿ ಕೂತಿರುತ್ತದೆ. ಇಲ್ಲವೆ ಗುಳೆ ಹೋದವರ ಜೊತೆ ಬೆಂಗಳೂರಿನಲ್ಲಿ ಕಟ್ಟಡದ ಮರಳ ಮೇಲೆ ಆಡುತ್ತಿರುತ್ತದೆ. 2024ರಲ್ಲಿ ಕಲ್ಯಾಣ ಕರ್ನಾಟಕದ ಸರಕಾರಿ ಶಾಲೆಗಳಲ್ಲೇ ಎಲ್‌ಕೆಜಿ-ಯುಕೆಜಿ ತೆರೆಯುವ ತೀರ್ಮಾನವಾದಾಗ, ಮಕ್ಕಳೆಲ್ಲ ಅತ್ತ ಹೋದರೆ ತಮ್ಮ ಗತಿಯೇನು ಎಂದು ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಹೀಗೆ ಒಂದೇ ಓಣಿಯ ನಾಲ್ಕು ವರ್ಷದ ಕೂಸುಗಳು ಮೂರು ಪಾಲು. ಅವರನ್ನು ಒಂದು ದಿನವಾದರೂ ಒಂದೇ ಪಂಕ್ತಿಯಲ್ಲಿ ಕೂಡಿಸಲು ಹೊಲಕ್ಕಿಂತ ಒಳ್ಳೆಯ ಜಾಗವಿಲ್ಲ.

ಇನ್ನು ಏನು ತೋರಿಸಬೇಕು? ಹಸಿರು ಭತ್ತದ ಮುಂದೆ ನಿಲ್ಲಿಸಿ ಫೋಟೋ ಹೊಡೆದರೆ ಸಾಲದು. ಸಿಂಧನೂರಿನ ಭತ್ತ ತುಂಗಭದ್ರಾ ಎಡದಂಡೆ ಕಾಲುವೆಯ ಕೂಸು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. 33 ಗೇಟುಗಳನ್ನೂ ಬದಲಿಸಬೇಕೆಂದು 2025-26ರಲ್ಲಿ ಎರಡನೇ ಬೆಳೆಗೆ ನೀರಿಲ್ಲ ಎಂದರು. ಮಸ್ಕಿ ತಾಲೂಕಿನ ಪಾಮನಕಲ್ಲೂರಿನಲ್ಲಿ 5ಎ ಕಾಲುವೆಗಾಗಿ 2020-21ರಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತರು. ಲಿಂಗಸುಗೂರು ಕಡೆ ಮಳೆ ನಂಬಿದ ಹೊಲಗಳಲ್ಲಿ ತೊಗರಿ, ಸಜ್ಜಿ. ಅನ್ನದ ಹಿಂದೆ ನೀರಿದೆ, ನೀರಿನ ಹಿಂದೆ ಜಗಳವಿದೆ ಅನ್ನೋದು ಮಗುವಿಗೆ ತಿಳಿಯದಿದ್ದರೂ ಜೊತೆಗೆ ಬಂದ ಅಪ್ಪನಿಗೆ ತಿಳಿದೀತು.

ಹೋಗುವವರಿಗೆ ಮೂರು ಎಚ್ಚರಿಕೆ. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮಕ್ಕಳನ್ನು ತುಂಬಬೇಡಿ. 2024ರ ಸೆಪ್ಟೆಂಬರಿನಲ್ಲಿ ಮಾನ್ವಿ ತಾಲೂಕಿನ ಕಪಗಲ್ ಬಳಿ ಶಾಲಾ ಬಸ್ಸಿಗೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ತೀರಿಕೊಂಡರು. ಬಸ್ಸಿಗೇ ಆ ಗತಿಯಾದರೆ ಟ್ರೇಲರಿನ ಮಾತೇನು? ತುಂಬಿ ಹರಿಯುವ ಕಾಲುವೆ ದಂಡೆಯ ಮೇಲೆ ಊಟಕ್ಕೆ ಕೂರಬೇಡಿ. ಎಣ್ಣೆ ಹೊಡೆದ ಹೊಲಕ್ಕೆ ಮಕ್ಕಳನ್ನು ಇಳಿಸಬೇಡಿ.

ಖರ್ಚೇನೂ ದೊಡ್ಡದಲ್ಲ. 2023ರಿಂದ ಸರಕಾರಿ ಬಸ್ಸಿನಲ್ಲಿ ತಾಯಂದಿರಿಗೆ ಚಾರ್ಜಿಲ್ಲ. ಬುತ್ತಿ ಮನೆಯದು. ಅಂಗಡಿಕಾರರು ಅರ್ಧ ದಿನ ಗಲ್ಲಾ ಮುಚ್ಚಲಿ. ಕಾನ್ವೆಂಟ್, ಸರಕಾರಿ ಶಾಲೆ, ಅಂಗನವಾಡಿ ಮೂರೂ ಕೂಡಿ ಪಕ್ಕದ ಒಬ್ಬ ರೈತನನ್ನು ಕೇಳಲಿ. ಬ್ಯಾಡ ಅನ್ನುವ ರೈತ ನಮ್ಮ ಸೀಮೆಯಲ್ಲಿ ಸಿಗುವುದು ಕಷ್ಟ.