ಟರ್ಮಿನಲ್ ತೆಗೀರಿ ಅಂದ್ರೆ ಕಾಕಾ ಏನ್ ಮಾಡ್ಬೇಕು?

ಮೊನ್ನೆ ಬೈಲಹೊಂಗಲಕ್ಕೆ ಹೋಗಿದ್ದೆ. ಕಾಕಾರ ಡಿಟಿಪಿ ಅಂಗಡಿಯಲ್ಲಿ ಸವದತ್ತಿ ಜಾತ್ರೆಯ ಹ್ಯಾಂಡ್‌ಬಿಲ್, ರಾಮದುರ್ಗದ ಲಗ್ನಪತ್ರಿಕೆ, ಕಿತ್ತೂರು ಉತ್ಸವದ ಬ್ಯಾನರ್, ಎಲ್ಲಾ ಹಳೇ ನುಡಿ ಫಾಂಟಿನಲ್ಲೇ ಬಿದ್ದಿವೆ. ಹೋದ ವರ್ಷ ಅಲ್ಲಿ ಉಬುಂಟು ಹಾಕಿ, ಅವನ್ನೆಲ್ಲ ಯುನಿಕೋಡ್ ಮಾಡೋ ಶೆಲ್ ಸ್ಕ್ರಿಪ್ಟ್ ಬರೆದುಕೊಟ್ಟು, "ಟರ್ಮಿನಲ್ ತೆಗೆದು ಇದನ್ನ ಟೈಪ್ ಮಾಡ್ರಿ" ಅಂತ ಹೇಳಿ ಬೆಂಗಳೂರು ಬಸ್ ಹತ್ತಿದ್ದೆ. ಒಂದು ಸಲವೂ ಓಡಿಲ್ಲ.

"ತಮ್ಮಾ, ನೀ ಬಂದಾಗಷ್ಟ ನಡೀತೈತಿ ಅದು" ಅಂದ್ರು ಕಾಕಾ.

ತಪ್ಪು ಅವರದ್ದಲ್ಲ, ನಂದು. ಕಮಾಂಡ್ ಬರದವನು ದಡ್ಡ ಅನ್ನೋ ಜಂಬ ನಮಗೆ, ನಿಮ್ಮಲ್ಲೂ ಕೆಲವರಿಗೆ. ಝೆನಿಟಿ ಇದೆಯಲ್ಲ ಅಂತೀರಿ. ಫೈಲ್ ಆರಿಸೋಕೆ ಸಾಕು. ಎಡಕ್ಕೆ ಹಳೇದು, ಬಲಕ್ಕೆ ಹೊಸದು ಇಟ್ಟು ತಿದ್ದೋಕೆ ಸಾಲದು. ಇಲೆಕ್ಟ್ರಾನ್ ಅನ್ನೋರು ಇನ್ನೂ ದೊಡ್ಡವರು: ಇಪ್ಪತ್ತು ಸಾಲಿನ ಸ್ಕ್ರಿಪ್ಟಿಗೆ ಇಡೀ ಕ್ರೋಮಿಯಂ ಹೊರಿಸೋದು, ಒಂದು ಸೇರು ಜೋಳಕ್ಕೆ ಲಾರಿ ತಂದ ಹಾಗೆ. ಬ್ರೌಸರ್ ಅಂಗಡಿಯಲ್ಲಿ ಇದ್ದೇ ಇದೆಯಲ್ಲ ಸ್ವಾಮಿ! 1993ರ ಸಿಜಿಐ ಮಾಡಿದ್ದೂ ಇಷ್ಟೇ: ಫಾರಂನಲ್ಲಿ ತುಂಬಿದ್ದು ಸ್ಕ್ರಿಪ್ಟಿಗೆ, ಸ್ಕ್ರಿಪ್ಟಿನ ಉತ್ತರ ಪುಟಕ್ಕೆ. (ಪೈಥಾನಿನವರು 2024ರಲ್ಲಿ, 3.13ಕ್ಕೆ, ಸಿಜಿಐ ಮಾಡ್ಯೂಲನ್ನೇ ಕಿತ್ತುಹಾಕಿದರು. ಇರಲಿ, ಪುಟ್ಟ ಸರ್ವರ್ ನಾವೇ ಬರ್ಕೋಬಹುದು.) 127.0.0.1ಕ್ಕೆ ಮಾತ್ರ ಕಟ್ಟಿ. ಫೈಲಿನ ಹೆಸರನ್ನು ಕಮಾಂಡಿನ ಸಾಲಿಗೆ ಹಾಗೇ ಅಂಟಿಸಬೇಡಿ, ಬೇರೆ ಆರ್ಗ್ಯುಮೆಂಟಾಗಿ ಕೊಡಿ. ಹೆಸರಿನಲ್ಲೊಂದು ಸೆಮಿಕೋಲನ್ ಇದ್ರೆ ಅದರ ಮುಂದಿನದ್ದನ್ನ ಶೆಲ್ ಇನ್ನೊಂದು ಕಮಾಂಡ್ ಅಂತ್ಲೇ ಓದುತ್ತೆ.

ಭಾನುವಾರ ಕೂತು ಒಂದು ಪುಟ ಮಾಡಿದೆ, ಒಂದೇ ಗುಂಡಿ: "ಯುನಿಕೋಡ್ ಮಾಡು". ಸೋಮವಾರ ಬೆಳಿಗ್ಗೆ ಕಾಕಾ ಫೋನ್ ಮಾಡಿ ಬೈದರು, ಅರ್ಕಾವೊತ್ತು ಎಲ್ಲಾ ತಪ್ಪು ಬರಾಕತ್ತೈತಿ ಅಂತ. ಅಂತೂ ಓಡಿಸಿದಾರೆ :-)